ಮೊದಲು ಹ್ಯಾಂಡಲ್, ಆಮೇಲೆ ಪೆಡಲ್

ಸೈಕಲ್ ಕಲಿಯಲು ಹೊರಟವರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: 'ಹೆದರಬೇಡ, ತುಳಿ, ಬ್ಯಾಲೆನ್ಸ್ ತಾನಾಗಿ ಬರುತ್ತೆ.' ತುಳಿಯುತ್ತಾರೆ, ಬೀಳುತ್ತಾರೆ, ಎದ್ದು ಮತ್ತೆ ತುಳಿಯುತ್ತಾರೆ. ಹೀಗೂ ಕಲಿಯಬಹುದು, ಎಷ್ಟೋ ಜನ ಹೀಗೇ ಕಲಿತಿದ್ದಾರೆ. ಆದರೆ ದೊಡ್ಡವರಾದ ಮೇಲೆ ಕಲಿಯುವವರ ಕತೆ ಬೇರೆ. ಎರಡು ಸಲ ಬಿದ್ದರೆ ಸಾಕು, 'ನನ್ನ ಕೈಲಾಗಲ್ಲ' ಎಂದು ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಓಡುವ ಸೈಕಲ್ ಯಾಕೆ ಬೀಳುವುದಿಲ್ಲ ಎಂಬುದರ ಬಗ್ಗೆ ವಿಜ್ಞಾನಕ್ಕೆ ಸಾಕಷ್ಟು ಗೊತ್ತಿದೆ. ಅದನ್ನು ಬಳಸಿಕೊಂಡರೆ ಕಲಿಕೆಯ ಕಷ್ಟ ಅರ್ಧಕ್ಕರ್ಧ ಇಳಿಯುತ್ತದೆ.

ಬ್ಯಾಲೆನ್ಸ್ ಎಂದರೆ ಮೈಯನ್ನು ಅತ್ತಿತ್ತ ವಾಲಿಸಿ ತೂಕ ಸರಿಮಾಡಿಕೊಳ್ಳುವುದು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಸೈಕಲ್‌ನಲ್ಲಿ ಅದರ ಪಾಲು ಸಣ್ಣದು. ದೊಡ್ಡ ಕೆಲಸವೆಲ್ಲ ಹ್ಯಾಂಡಲ್‌ನದು. ಅಂಗೈ ಮೇಲೆ ಉದ್ದನೆಯ ಕೋಲೊಂದನ್ನು ನೆಟ್ಟಗೆ ನಿಲ್ಲಿಸಲು ನೋಡಿ. ಕೋಲು ಬಲಕ್ಕೆ ವಾಲಿದರೆ ಕೈಯನ್ನೂ ಬಲಕ್ಕೇ ಸರಿಸುತ್ತೀರಿ, ಅಲ್ವಾ? ಬೀಳುತ್ತಿರುವ ಕೋಲಿನ ಅಡಿಗೆ ಕೈ ಹೋಗಿ ಸೇರಿದರೆ ಅದು ಮತ್ತೆ ನೆಟ್ಟಗಾಗುತ್ತದೆ. ಸೈಕಲ್‌ನಲ್ಲೂ ಅಷ್ಟೇ. ಬಲಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ಬಲಕ್ಕೇ ತಿರುಗಿಸಬೇಕು. ಆಗ ಚಕ್ರಗಳು ಬಲಕ್ಕೆ ಸರಿದು ನಿಮ್ಮ ತೂಕದ ಅಡಿಗೆ ಬಂದು ನಿಲ್ಲುತ್ತವೆ. ಹೊಸಬರು ಮಾಡುವುದು ಇದರ ಉಲ್ಟಾ. ಬಲಕ್ಕೆ ಬೀಳುತ್ತಿದ್ದೇನೆ ಎನ್ನಿಸಿದ ಕೂಡಲೇ ಅಲ್ಲಿಂದ ತಪ್ಪಿಸಿಕೊಳ್ಳುವ ಗಾಬರಿಯಲ್ಲಿ ಹ್ಯಾಂಡಲ್ ಎಡಕ್ಕೆ ಎಳೆಯುತ್ತಾರೆ. ಚಕ್ರಗಳು ಅತ್ತ, ಮೈ ಇತ್ತ. ಮುಂದಿನದು ನೆಲ.

ಇದಕ್ಕೆ ವೇಗವೂ ಬೇಕು. ಹ್ಯಾಂಡಲ್ಲನ್ನು ಒಂದೇ ಅಳತೆಯಲ್ಲಿ ತಿರುಗಿಸಿದರೂ ವೇಗ ಎರಡರಷ್ಟಾದಾಗ ನಿಮ್ಮನ್ನು ಮೇಲೆತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ನಿಧಾನವಾಗಿ ಹೋಗುವಾಗ ಹ್ಯಾಂಡಲ್ ಅಷ್ಟೊಂದು ಅಲ್ಲಾಡುವುದು ಇದಕ್ಕೇ. ಕಡಿಮೆ ವೇಗದಲ್ಲಿ ದೊಡ್ಡ ದೊಡ್ಡ ತಿದ್ದುಪಡಿ ಬೇಕು, ತುಸು ಓಟ ಸಿಕ್ಕರೆ ಕೂದಲೆಳೆಯಷ್ಟು ತಿರುಗಿಸಿದರೂ ಸಾಕು. ಹೊಸಬರಿಗೆ ಅಪಾಯ ಕಡಿಮೆ ಎಂದು ಆಮೆ ವೇಗದಲ್ಲಿ ಓಡಿಸಲು ಹೇಳುವುದು ಅವರಿಗೆ ಅತಿ ಕಷ್ಟದ ಕೆಲಸವನ್ನೇ ಮೊದಲು ಕೊಟ್ಟಂತೆ. ಹುಲ್ಲಿನ ಮೇಲೆ ಕಲಿಸುವುದೂ ಹೀಗೆಯೇ. ಬಿದ್ದರೆ ಪೆಟ್ಟು ಕಡಿಮೆ, ನಿಜ. ಆದರೆ ಹುಲ್ಲು ಓಟವನ್ನೆಲ್ಲ ನುಂಗಿಬಿಡುತ್ತದೆ. ಗಟ್ಟಿಯಾದ, ಸಮನಾದ, ವಾಹನಗಳಿಲ್ಲದ ಜಾಗವೇ ನನ್ನ ಆಯ್ಕೆ.

ತಿರುಗುವ ಚಕ್ರ ಬುಗುರಿಯ ಹಾಗೆ ನೆಟ್ಟಗಿರುತ್ತದೆ, ಅದಕ್ಕೇ ಸೈಕಲ್ ಬೀಳುವುದಿಲ್ಲ ಎಂಬ ವಿವರಣೆಯನ್ನು ನೀವೂ ಕೇಳಿರಬಹುದು. ಬ್ರಿಟನ್ನಿನ ವಿಜ್ಞಾನಿ ಡೇವಿಡ್ ಜೋನ್ಸ್ ಇದನ್ನು ಪರೀಕ್ಷಿಸಿಯೇ ನೋಡಿದರು. ಮುಂದಿನ ಚಕ್ರದ ಪಕ್ಕದಲ್ಲಿ ಇನ್ನೊಂದು ಚಕ್ರ ಜೋಡಿಸಿ, ಅದನ್ನು ಹಿಮ್ಮುಖವಾಗಿ ತಿರುಗಿಸಿ, ಬುಗುರಿಯ ಪರಿಣಾಮವನ್ನು ಅಳಿಸಿಹಾಕಿದರು. ಆದರೂ ಆ ಸೈಕಲ್ಲನ್ನು ಆರಾಮಾಗಿ ಓಡಿಸಬಹುದಿತ್ತು. 1970ರಲ್ಲಿ ಪ್ರಕಟವಾದ ಅವರ ಲೇಖನ ಬೇರೆಯದೊಂದು ಕಾರಣಕ್ಕೆ ಒತ್ತು ಕೊಟ್ಟಿತು: ಮುಂದಿನ ಫೋರ್ಕ್‌ನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲಿನ, ಓರೆ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ಬೀಳುತ್ತದೆ. ಹೀಗಿರುವುದರಿಂದ ಸೈಕಲ್ ವಾಲಿದ ಕಡೆಗೆ ಮುಂದಿನ ಚಕ್ರ ತಾನೇ ತಿರುಗುತ್ತದೆ. ನಿಂತ ಸೈಕಲ್ಲನ್ನು ಸೀಟಿನಲ್ಲಿ ಹಿಡಿದು ಓರೆ ಮಾಡಿ, ಕಣ್ಣಾರೆ ಕಾಣುತ್ತದೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. 2011ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳವರು ಸೇರಿ ಒಂದು ವಿಚಿತ್ರ ಸೈಕಲ್ ಕಟ್ಟಿದರು. ಅದರಲ್ಲಿ ಬುಗುರಿಯ ಪರಿಣಾಮವೂ ಇಲ್ಲ, ಜೋನ್ಸ್ ಹೇಳಿದ ಫೋರ್ಕ್‌ನ ಅನುಕೂಲವೂ ಇಲ್ಲ. ಸುಮ್ನೆ ತಳ್ಳಿಬಿಟ್ಟರೆ ಸವಾರನಿಲ್ಲದೆಯೇ ಅದು ಬೀಳದೆ ಓಡಿತು! ಮುಂಭಾಗದ ತೂಕವನ್ನು ಕೆಳಗಿಟ್ಟಿದ್ದರಿಂದ ವಾಲುವಾಗ ಆ ಭಾಗ ಬೇಗ ಬೀಳಲು ಹೋಗುತ್ತದೆ, ಹಾಗೆ ಹೋಗುತ್ತಾ ಚಕ್ರವನ್ನು ವಾಲಿದ ಕಡೆಗೆ ತಿರುಗಿಸುತ್ತದೆ. ಈ ಪ್ರಯೋಗ ನನಗೆ ತುಂಬಾ ಇಷ್ಟ. ದಾರಿ ಯಾವುದಾದರೂ ಆಗಲಿ, ಬೀಳುವ ಕಡೆಗೆ ಚಕ್ರ ತಿರುಗಬೇಕು ಎಂಬುದನ್ನು ಅದು ಎಷ್ಟು ಚೆನ್ನಾಗಿ ತೋರಿಸಿಕೊಡುತ್ತದೆ! ಹೊಸಬರಿಗೆ ಇದರಲ್ಲಿ ಧೈರ್ಯವೂ ಇದೆ. ನೀವು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯದಿದ್ದರೆ ಸೈಕಲ್ ತನ್ನ ಪಾಲಿನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಮೊಣಕೈ ತುಸು ಮಡಚಿ, ಹಿಡಿತ ಸಡಿಲಿಸಿ.

ಪುಟ್ಟ ಪಕ್ಕದ ಚಕ್ರಗಳ ತೊಂದರೆ ಈಗ ಅರ್ಥವಾಗುತ್ತದೆ. ಅವುಗಳನ್ನು ಕಟ್ಟಿದ ಸೈಕಲ್ ವಾಲುವುದೇ ಇಲ್ಲ. ವಾಲದಿದ್ದರೆ ವಾಲಿದ ಕಡೆಗೆ ತಿರುಗಿಸುವ ಪಾಠ ಎಲ್ಲಿಂದ ಬರಬೇಕು? ಮಗು ಕಲಿಯುವುದು ತುಳಿಯುವುದನ್ನು ಮಾತ್ರ. ಆ ಚಕ್ರ ಬಿಚ್ಚಿದ ದಿನ ಬ್ಯಾಲೆನ್ಸ್ ಕಲಿಕೆ ಸೊನ್ನೆಯಿಂದ ಶುರುವಾಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿಯನ್ನು ಸೈಕಲ್ಲಿನ ಇತಿಹಾಸವೇ ತೋರಿಸಿದೆ. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರ ಜೂನ್ 12ರಂದು ಮಾನ್‌ಹೈಮ್ ನಗರದಿಂದ ತನ್ನ ಎರಡು ಚಕ್ರದ ಮರದ ಬಂಡಿಯಲ್ಲಿ ಹೊರಟ. ಅದಕ್ಕೆ ಪೆಡಲ್ ಇರಲಿಲ್ಲ. ಕೂತು, ಕಾಲಿನಿಂದ ನೆಲ ಒದ್ದು ಮುಂದೆ ಹೋಗಬೇಕಿತ್ತು. ಮುಂದಿನ ಚಕ್ರಕ್ಕೆ ಪೆಡಲ್ ಇರುವ ಸೈಕಲ್ ಜನಪ್ರಿಯವಾದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. ಅಂದರೆ ಮನುಷ್ಯರು ಎರಡು ಚಕ್ರದ ಮೇಲೆ ಬ್ಯಾಲೆನ್ಸ್ ಮಾಡಲು ಕಲಿತು ಎಷ್ಟೋ ದಶಕಗಳಾದ ಮೇಲೆ ಪೆಡಲ್ ಬಂತು. ನೀವೂ ಅದೇ ಕ್ರಮದಲ್ಲಿ ಕಲಿಯಿರಿ.

ಪೆಡಲ್‌ಗಳನ್ನು ಬಿಚ್ಚಿಡಿ. ಎಡಗಡೆಯ ಪೆಡಲ್ಲಿನ ತಿರುಪು (ಥ್ರೆಡ್) ಉಲ್ಟಾ ಇರುತ್ತದೆ, ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಇನ್ನಷ್ಟು ಬಿಗಿ ಮಾಡಿ ಒದ್ದಾಡುವವರು ಜಾಸ್ತಿ. ಸೀಟನ್ನು ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಇಳಿಸಿ. ಮೊದಲು ಕೂತು ನಡೆಯಿರಿ, ಆಮೇಲೆ ಉದ್ದ ಹೆಜ್ಜೆ ಹಾಕಿ, ಆಮೇಲೆ ಎರಡೂ ಕಾಲಿನಿಂದ ಒಟ್ಟಿಗೆ ಒದ್ದು ಪಾದ ಎತ್ತಿ. ಎರಡು ಕ್ಷಣ ತೇಲಿದಂತೆ ಸಾಗುತ್ತೀರಿ. ಬೀಳುವಂತಾದರೆ ಕಾಲು ಅಲ್ಲೇ ಇದೆ, ಹಾಗಾಗಿ ಗಾಬರಿಯಿಲ್ಲ. ಗಾಬರಿ ಇಲ್ಲದಿದ್ದರೆ ಹ್ಯಾಂಡಲ್ ಉಲ್ಟಾ ಎಳೆಯುವ ಚಾಳಿಯೂ ತಗ್ಗುತ್ತದೆ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಹತ್ತಿಪ್ಪತ್ತು ಅಡಿ ಮುಂದಕ್ಕಿರಲಿ. ಗುಂಡಿಯನ್ನೇ ನೋಡುತ್ತಾ ಹೋದರೆ ಗುಂಡಿಗೇ ಹೋಗುತ್ತೀರಿ.

ಒಂದೇ ದಿನ ಮೂರು ಗಂಟೆ ಹಟ ಹಿಡಿಯಬೇಡಿ. ಒಳಕಿವಿಯಿಂದ, ಕಣ್ಣಿನಿಂದ, ಮೈಯ ಕೀಲುಗಳಿಂದ ಬರುವ ಸುದ್ದಿಯನ್ನು ಕೈಯ ಚಲನೆಗೆ ಜೋಡಿಸುವುದರಲ್ಲಿ ಕಿರುಮೆದುಳಿನ ಪಾಲು ದೊಡ್ಡದು. ಇಂಥ ಕಲಿಕೆ ಸ್ವಲ್ಪ ಸ್ವಲ್ಪವಾಗಿ, ನಡುವೆ ಬಿಡುವು ಮತ್ತು ನಿದ್ದೆ ಸಿಕ್ಕಾಗ ಚೆನ್ನಾಗಿ ಕೂರುತ್ತದೆ. ಹೀಗೆ ತೇಲುವುದು ಹತ್ತು ಹದಿನೈದು ಮೀಟರ್ ತಲುಪಿ, ನಡುವೆ ಸಣ್ಣ ತಿರುವನ್ನೂ ದಾಟಬಲ್ಲಿರಾದರೆ ಪೆಡಲ್ ಹಾಕಬಹುದು. ಆ ಹೊತ್ತಿಗೆ ತುಳಿಯುವುದು ದೊಡ್ಡ ವಿಷಯವೇ ಅಲ್ಲ.

ತಿರುವಿನ ಮಾತು ಬಂತು. ಎಡಕ್ಕೆ ತಿರುಗಲು ನುರಿತ ಸವಾರ ಮೊದಲು ಹ್ಯಾಂಡಲ್ಲನ್ನು ಒಂದು ಕ್ಷಣ ಬಲಕ್ಕೆ ತಿರುಗಿಸುತ್ತಾನೆ! ಚಕ್ರ ಬಲಕ್ಕೆ ಸರಿಯುತ್ತದೆ, ಮೈ ಎಡಕ್ಕೆ ವಾಲುತ್ತದೆ, ಆಮೇಲೆ ಹ್ಯಾಂಡಲ್ ಎಡಕ್ಕೆ ಬರುತ್ತದೆ. ವಿಮಾನ ಕಟ್ಟುವ ಮೊದಲು ಸೈಕಲ್ ತಯಾರಿಸುತ್ತಿದ್ದ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದರು. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಅವರು ಸವಾರರನ್ನು ಕೇಳಿದರೆ ಪೂರ್ತಿ ಸರಿಯಾಗಿ ಹೇಳುವವರೇ ಸಿಗುತ್ತಿರಲಿಲ್ಲವಂತೆ. ದಿನವೂ ಮಾಡುವ ಕೆಲಸ, ಆದರೆ ಮಾಡುವವರಿಗೇ ಗೊತ್ತಿಲ್ಲ. ಹಾಗಾಗಿ ಸೈಕಲ್ ಬಲ್ಲವರು ಸರಿಯಾಗಿ ಹೇಳಿಕೊಡದಿದ್ದರೆ ಅವರ ಮೇಲೆ ಸಿಟ್ಟಾಗಬೇಡಿ.

ಬ್ರೇಕ್ ವಿಷಯದಲ್ಲಿ ಮಾತ್ರ ಮೈ ತಾನಾಗಿ ಕಲಿಯಲಿ ಎಂದು ಬಿಡಬಾರದು. ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಹೊಡೆಯುತ್ತೀರಿ ಎಂದು ಹೆದರಿಸಿ, ಹಿಂದಿನದನ್ನೇ ಬಳಸಲು ಹಲವರು ಕಲಿಸುತ್ತಾರೆ. ಇದು ಅಪಾಯದ ಸಲಹೆ. ಬ್ರೇಕ್ ಹಾಕಿದಾಗ ತೂಕವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗಿ ಜಾರತೊಡಗುತ್ತದೆ. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದಲ್ಲೇ ಇದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೀವು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತಿರುತ್ತೀರಿ. ಅಡ್ಡ ಬಂದದ್ದನ್ನು ಕಂಡು ಬೆರಳು ಬ್ರೇಕ್ ಒತ್ತುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತದೆ. ಅಲ್ಲಿಂದ ಎರಡೂ ಬ್ರೇಕನ್ನು ಚೆನ್ನಾಗಿ ಬಳಸಿದರೆ ಒಣ ನೆಲದಲ್ಲಿ ಮೂರು ಮೀಟರ್ ಆಸುಪಾಸಿನಲ್ಲಿ ನಿಲ್ಲಬಹುದು. ಹಿಂದಿನದು ಮಾತ್ರವಾದರೆ ಸುಮಾರು ಎರಡು ಪಟ್ಟು ದೂರ ಬೇಕು. ಪಲ್ಟಿಯ ಭಯ ಸುಳ್ಳಲ್ಲ, ಆದರೆ ಅದು ಬರುವುದು ಮುಂದಿನದನ್ನು ಒಮ್ಮೆಗೇ ಗಬಕ್ಕನೆ ಹಿಡಿದಾಗ. ಎರಡನ್ನೂ ಒಟ್ಟಿಗೆ, ಬರಬರುತ್ತಾ ಗಟ್ಟಿಯಾಗಿ ಒತ್ತಿ. ಸೊಂಟವನ್ನು ಹಿಂದಕ್ಕೆ ತಳ್ಳಿ. ತಿರುವಿನಲ್ಲಿ ವಾಲಿರುವಾಗ ಅಲ್ಲ, ತಿರುವಿಗೆ ಮುಂಚೆಯೇ ವೇಗ ಇಳಿಸಿ. ರಿಮ್ಮಿಗೆ ರಬ್ಬರ್ ಒತ್ತುವ ಬ್ರೇಕಾದರೆ ಮಳೆಯಲ್ಲಿ ಮೊದಲು ನೀರು ಒರೆಸಿ ಆಮೇಲೆ ಹಿಡಿಯುತ್ತದೆ, ಅದಕ್ಕೂ ದೂರ ಬಿಟ್ಟುಕೊಳ್ಳಿ. ಯಾವ ಹಿಡಿ ಯಾವ ಚಕ್ರದ್ದು ಎಂಬುದು ಎಲ್ಲ ದೇಶಗಳಲ್ಲೂ ಒಂದೇ ಅಲ್ಲ. ಸೈಕಲ್ ತಳ್ಳಿಕೊಂಡು ನಡೆಯುವಾಗಲೇ ಒತ್ತಿ ನೋಡಿಕೊಳ್ಳಿ.

ಗೇರುಗಳ ಲೆಕ್ಕ ಸುಲಭ. ಮುಂದೆ 44 ಹಲ್ಲು, ಹಿಂದೆ 22 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಎರಡು ಸುತ್ತು. ದೊಡ್ಡ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಎಂದುಕೊಂಡರೆ, ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ 15 ಕಿಲೋಮೀಟರ್ ವೇಗ ಸಿಗುತ್ತದೆ. ಭಾರದ ಗೇರಿನಲ್ಲಿ ಹಲ್ಲುಕಚ್ಚಿ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ಬೇಗ ಬೇಗ ತುಳಿದರೆ ಮಂಡಿಗೆ ಹಿತ. ಎದುರುಗಾಳಿಯಲ್ಲಂತೂ ಹಗುರ ಗೇರೇ ಸರಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗ ಇಮ್ಮಡಿಯಾದರೆ ಎಂಟು ಪಟ್ಟಾಗುತ್ತದೆ, ಅದರೊಂದಿಗೆ ಪಂದ್ಯ ಕಟ್ಟಿ ಗೆಲ್ಲಲಾಗದು.

ಧೈರ್ಯ ಬಂದ ಮೇಲೆ ಸೀಟು ಮೇಲೇರಬೇಕು. ಹೆಚ್ಚಿನವರು ಇದನ್ನು ಮರೆತು, ಕಲಿಯುವಾಗಿನ ತಗ್ಗು ಸೀಟಿನಲ್ಲೇ ಮಂಡಿ ಎದೆಗೆ ತಾಗುವಂತೆ ತುಳಿಯುತ್ತಿರುತ್ತಾರೆ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಮಡಚಿರುತ್ತದೆ. ಒಮ್ಮೆಗೇ ಬೇಡ, ಕೆಲವು ದಿನಗಳಲ್ಲಿ ಬೆರಳಗಲದಂತೆ ಏರಿಸುತ್ತಾ ಹೋಗಿ. ಮೊದಲ ವಾರ ಕೂರುವ ಮೂಳೆಗಳ ಜಾಗ ನೋಯುವುದು ಸಹಜ, ದಿನ ಬಿಟ್ಟು ದಿನ ಓಡಿಸಿದರೆ ಒಗ್ಗಿಕೊಳ್ಳುತ್ತದೆ. ಮೆತ್ತನೆಯ ಅಗಲ ಸೀಟಿಗೆ ಕೂಡಲೇ ಬದಲಾಯಿಸಬೇಡಿ. ತೀರಾ ಮೆತ್ತಗಿದ್ದರೆ ಮೂಳೆ ಒಳಗಿಳಿದು ಒತ್ತಡ ನಡುವಿನ ಸೂಕ್ಷ್ಮ ಭಾಗಕ್ಕೆ ಬೀಳುತ್ತದೆ. ಮಂಡಿಯ ಮುಂಭಾಗ ನೋಯತೊಡಗಿದರೆ ಸಾಮಾನ್ಯವಾಗಿ ಸೀಟು ಇನ್ನೂ ತಗ್ಗಿದೆ ಎಂದರ್ಥ, ಅರ್ಧ ಸೆಂಟಿಮೀಟರ್ ಏರಿಸಿ ನೋಡಿ. ತುಳಿಯುವಾಗ ಸೊಂಟ ಎಡಬಲಕ್ಕೆ ಹೊರಳುತ್ತಿದ್ದರೆ ಅತಿಯಾಯಿತು, ಅಷ್ಟೇ ಇಳಿಸಿ.