ಅಡುಗೆ ಎಣ್ಣೆ: ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದ ಕತೆ

ಅಡುಗೆಗೆ ಯಾವ ಎಣ್ಣೆ ಒಳ್ಳೆಯದು ಎಂಬ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಸಿಕ್ಕಿದೆ. ಯಾವುದನ್ನು ಬಿಡಬೇಕು ಎಂಬುದರ ಮೇಲೆ ಇದ್ದಷ್ಟು ಗಮನ, ಬಿಟ್ಟ ಜಾಗಕ್ಕೆ ಏನು ಬಂತು ಎಂಬುದರ ಮೇಲೆ ಬಹುಕಾಲ ಇರಲಿಲ್ಲ. ಅದಕ್ಕೆ ಜನ ತೆತ್ತ ಬೆಲೆ ದೊಡ್ಡದು.

ಜರ್ಮನಿಯ ರಸಾಯನವಿಜ್ಞಾನಿ ವಿಲ್ಹೆಲ್ಮ್ ನಾರ್ಮನ್ ದ್ರವ ಎಣ್ಣೆಯನ್ನು ಗಟ್ಟಿಯಾಗಿಸುವ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ಪಡೆದರು. ಕಾದ ಎಣ್ಣೆಗೆ ನಿಕ್ಕಲ್ ಪುಡಿ ಬೆರೆಸಿ ಹೈಡ್ರೋಜನ್ ಅನಿಲ ಹಾಯಿಸಿದರೆ, ತಣಿದಾಗ ಅದು ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆ. ಬೇಗ ಕಮಟುವುದೂ ಇಲ್ಲ. 1911ರಲ್ಲಿ ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ‘ಕ್ರಿಸ್ಕೊ’ ಎಂಬ ಗಟ್ಟಿ ಕೊಬ್ಬು ಮಾರಾಟಕ್ಕೆ ಬಂತು. ಆದರೆ ಹೈಡ್ರೋಜನೀಕರಣ ಎನ್ನುವ ಈ ಕ್ರಿಯೆಯನ್ನು ಅರ್ಧಕ್ಕೆ, ಅಂದರೆ ಭಾಗಶಃ ಮಾಡಿ, ನಿಲ್ಲಿಸಿದಾಗ ಇನ್ನೊಂದು ಬದಲಾವಣೆಯೂ ಆಗುತ್ತದೆ. ಎಣ್ಣೆಯ ಕೊಬ್ಬಿನಾಮ್ಲಗಳ ಸರಪಳಿ ಸಹಜವಾಗಿ ಒಂದೆಡೆ ಬಾಗಿರುತ್ತದೆ; ಕೆಲವು ಸರಪಳಿಗಳು ಇಲ್ಲಿ ನೆಟ್ಟಗಾಗಿಬಿಡುತ್ತವೆ. ಅದೇ ಟ್ರಾನ್ಸ್ ಕೊಬ್ಬು.

ಆ ನೆಟ್ಟಗಿನ ಸರಪಳಿ ದೇಹದಲ್ಲಿ ಏನು ಮಾಡುತ್ತದೆಂದು ಕೇಳುವವರು ಆಗ ಕಡಿಮೆ. ಎಲ್ಲರ ಕಣ್ಣು ಬೇರೆಡೆ ಇತ್ತು. ಹೃದಯಾಘಾತ ಹೆಚ್ಚುತ್ತಿದ್ದ ದಿನಗಳಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಆಹಾರ ಮತ್ತು ಹೃದ್ರೋಗದ ನಂಟು ಹುಡುಕುವ ಏಳು ದೇಶಗಳ ಅಧ್ಯಯನ ಆರಂಭಿಸಿ, ಪ್ರಾಣಿಜನ್ಯ ಆಹಾರದಲ್ಲಿ ಹೇರಳವಾಗಿರುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿನತ್ತ ಬೆರಳು ತೋರಿಸಿದರು. ಅದನ್ನು ತಗ್ಗಿಸಲು ಅಮೆರಿಕದ ಹೃದಯ ಸಂಘ 1961ರಲ್ಲಿ ಸಲಹೆ ನೀಡಿತು. ಸಲಹೆಯಲ್ಲಿ ಹುರುಳಿತ್ತು. ಆದರೆ ಹೃದಯದ ಕಾಳಜಿಯಿಂದ ಬೆಣ್ಣೆ ಬಿಟ್ಟ ಎಷ್ಟೋ ಮಂದಿ ಹಿಡಿದದ್ದು ಅದೇ ಗಟ್ಟಿಯಾಗಿಸಿದ ಎಣ್ಣೆಯಿಂದ ಮಾಡಿದ, ಬೆಣ್ಣೆಯ ಬದಲಿಯಾದ ಮಾರ್ಗರೀನನ್ನು. ಹೇಳಿದ ಮಾತು ಕೇಳಿದವರಿಗೇ ಹಾನಿಯಾಯಿತಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

1990ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳಾದ ಮೆನ್ಸಿಂಕ್ ಮತ್ತು ಕಟಾನ್ ಪ್ರಯೋಗ ಮಾಡಿ ತೋರಿಸಿದರು: ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಷ್ಟೇ ಅಲ್ಲ, ಒಳ್ಳೆಯದನ್ನು ಇಳಿಸುತ್ತದೆ ಕೂಡ. 2003ರಲ್ಲಿ ಡೆನ್ಮಾರ್ಕ್ 100 ಗ್ರಾಂ ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬು 2 ಗ್ರಾಂ ಮೀರಬಾರದೆಂದು ಮಿತಿ ಹಾಕಿತು. ಕಾರ್ಖಾನೆಗಳಲ್ಲಿ ತಯಾರಾಗುವ ಟ್ರಾನ್ಸ್ ಕೊಬ್ಬನ್ನು ಇಡೀ ಜಗತ್ತಿನಿಂದ ಇಲ್ಲವಾಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಕರೆ ಕೊಟ್ಟಾಗ 2018. ನಾರ್ಮನ್ ಅವರ ಪೇಟೆಂಟಿಗೆ ಆಗ 116 ವರ್ಷ.

ಪರ್ಯಾಪ್ತ ಕೊಬ್ಬಿನ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ತೆಂಗಿನೆಣ್ಣೆಯಲ್ಲಿ ಅದು 80%ಕ್ಕೂ ಹೆಚ್ಚು, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ, ಆಲಿವ್ ಎಣ್ಣೆಯಲ್ಲಿ 14%ರ ಆಸುಪಾಸು, ಸೂರ್ಯಕಾಂತಿಯಲ್ಲಿ ಇನ್ನೂ ಕಡಿಮೆ. ದಿನದ ಒಟ್ಟು ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು 10% ಮೀರಬಾರದು ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ, ಅದರ ಬದಲಿಗೆ ಏನು ತಿನ್ನಬೇಕು ಎಂಬುದನ್ನೂ ಹೇಳುತ್ತದೆ: ಸಸ್ಯಮೂಲದ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು, ಇಲ್ಲವೇ ಇಡಿಯ ಧಾನ್ಯ, ತರಕಾರಿ, ಹಣ್ಣು, ಬೇಳೆಕಾಳುಗಳಿಂದ ಬರುವ ಶರ್ಕರಪಿಷ್ಟ. ಈ ‘ಬದಲಿಗೆ’ ಎಂಬ ಪದ 1961ರ ಅಡುಗೆಮನೆಗಳಿಗೆ ಇಷ್ಟು ಸ್ಪಷ್ಟವಾಗಿ ತಲುಪಿದ್ದರೆ ಎಷ್ಟು ಚೆನ್ನಾಗಿತ್ತು!

ಒಳ್ಳೆಯ ಎಣ್ಣೆಯನ್ನೂ ಬಾಣಲೆ ಕೆಡಿಸಬಲ್ಲದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಬಣ್ಣ ಕಪ್ಪಾಗುತ್ತದೆ, ನೊರೆ ಆರದೆ ನಿಲ್ಲುತ್ತದೆ, ಬಾಣಲೆಯ ಅಂಚಿಗೆ ಅಂಟಿನಂಥ ಕಂದು ಜಿಡ್ಡು ಕೂರುತ್ತದೆ. ಎಣ್ಣೆ ಒಡೆದು ಹೊಸ ಸಂಯುಕ್ತಗಳು ಹುಟ್ಟಿರುವುದರ ಗುರುತು ಅದು. ಇಂಥ ಸಂಯುಕ್ತಗಳು ಸುಮಾರು 25% ದಾಟಿದ ಎಣ್ಣೆಯನ್ನು ಚೆಲ್ಲಬೇಕೆಂದು ಹಲವು ದೇಶಗಳ ನಿಯಮವಿದೆ. ಮನೆಯಲ್ಲಿ ಅಳೆಯುವ ಸಾಧನ ಇರುವುದಿಲ್ಲ. ಆ ಅಂಟು ಕಂಡ ದಿನ ಎಣ್ಣೆಗೆ ವಿದಾಯ ಹೇಳಿದರೆ ಸಾಕು. ಹೊಗೆಯೇಳುವವರೆಗೆ ಕಾಯಿಸುವುದೂ ಬೇಡ.

ದಿನಬಳಕೆಗೆ ನಾನು ಆರಿಸುವುದು ಅಪರ್ಯಾಪ್ತ ಕೊಬ್ಬು ಹೆಚ್ಚಿರುವ ದ್ರವ ಎಣ್ಣೆಯನ್ನು. ಯಾವುದೇ ಆಗಲಿ, ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ, ಆದ್ದರಿಂದ ಚಮಚದಲ್ಲಿ ಅಳೆದೇ ಹಾಕುತ್ತೇನೆ. ಸಿದ್ಧ ಆಹಾರ ಕೊಳ್ಳುವಾಗ ಪೊಟ್ಟಣ ತಿರುಗಿಸಿ ಸಣ್ಣಕ್ಷರದ ಸಾಲು ಓದುತ್ತೇನೆ. ‘ಭಾಗಶಃ ಹೈಡ್ರೋಜನೀಕರಿಸಿದ’ ಎಂದಿದ್ದರೆ ತೆಗೆದ ಜಾಗದಲ್ಲೇ ಇಟ್ಟುಬಿಡುತ್ತೇನೆ.