ಎಸ್‌ಎಸ್‌ಡಿ ಹಾಕಿಸಿದ್ರಿ ಸರಿ, ಫೈಲ್ ಎಲ್ಲಿದೆ?

"ಅಣ್ಣಾ, ಹೋದ ತಿಂಗಳು ತಾನೆ ಎಸ್‌ಎಸ್‌ಡಿ ಹಾಕ್ಸಿದ್ದೀನಿ. ಮದುವೆ ವಿಡಿಯೊ ಎಡಿಟಿಂಗ್‌ಗೆ ಕೂತ್ರೆ ಮತ್ತೆ ಅದೇ ಸ್ಲೋ ರಾಗ. ರ‍್ಯಾಮ್ 32 ಜಿಬಿ ಮಾಡ್ಬಿಡಿ."

ಮದುವೆ ಸೀಸನ್‌ನಲ್ಲಿ ವಾರಕ್ಕೊಬ್ಬರಾದರೂ ಹೀಗೆ ಸಿಪಿಯು ಹೊತ್ತುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ನಾನು ಕೇಳೋದು ಒಂದೇ, ವಿಡಿಯೊ ಎಲ್ಲಿದೆ? ಬರುವ ಉತ್ತರವೂ ಒಂದೇ, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ.

ಅಲ್ಲಪ್ಪಾ, ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲೇ ಫೈಲ್ ಇಡುವ ವೇಗದ ಡಿಸ್ಕ್) ಇರೋದು ವಿಂಡೋಸ್ ಮತ್ತು ಎಡಿಟಿಂಗ್ ಸಾಫ್ಟ್‌ವೇರ್. ಅವು ಬೇಗ ತೆರೆದುಕೊಳ್ಳುತ್ತವೆ, ಅಷ್ಟೇ. ಫೈಲ್ ಓದುವ ವೇಗ ಫೈಲ್ ಇರುವ ಡಿಸ್ಕ್‌ನದ್ದು. ಮನೆ ಮುಂದೆ ಸಿಮೆಂಟ್ ರಸ್ತೆ ಆಯ್ತು ಅಂತ ತೋಟದ ದಾರಿಯ ಕೆಸರು ಒಣಗುತ್ತಾ?

ಈ ಸಲ ಬಂದ ಹುಡುಗನ ಮುಂದೆಯೇ, ಯಾವ ಭಾಗಕ್ಕೆ ಎಷ್ಟು ಕೆಲಸ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದೆ. ಪ್ರೊಸೆಸರ್ ಶೇ. 9, ರ‍್ಯಾಮ್ ಅರ್ಧ ಖಾಲಿ, ಡಿಸ್ಕ್ ಮಾತ್ರ ಶೇ. 100. ಹಾರ್ಡ್‌ಡಿಸ್ಕ್ ಚುಚ್ಚಿದ್ದು ಮುಂದಿನ ಯುಎಸ್‌ಬಿ 2 ಪೋರ್ಟಿಗೆ. ಅಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಪುಣ್ಯ. 200 ಜಿಬಿ ಕಾಪಿ ಆಗೋಕೆ ಒಂದೂವರೆ ಗಂಟೆ ದಾಟುತ್ತೆ. ಹಿಂದಿನ ನೀಲಿ ಯುಎಸ್‌ಬಿ 3 ಪೋರ್ಟಿಗೆ ಹಾಕಿದೆ, 120 ಬಂತು. ಅರ್ಧ ಗಂಟೆಯ ಕೆಲಸ. (ನೀಲಿ ಬಣ್ಣ ಇದ್ದರೆಲ್ಲ ಯುಎಸ್‌ಬಿ 3 ಅಂತ ಮಾತ್ರ ನಂಬಬೇಡಿ.)

ಇನ್ನೊಂದು ತಪ್ಪು ಇದರ ಬೆನ್ನಿಗೇ ಇರುತ್ತೆ. ಓದೋದೂ ಅದೇ ಡಿಸ್ಕ್‌ನಿಂದ, ಎಡಿಟ್ ಆದ ವಿಡಿಯೊ ಎಕ್ಸ್‌ಪೋರ್ಟ್ ಮಾಡೋದೂ ಅದಕ್ಕೇ. ಒಳಗಿರುವ ಹೆಡ್ ಒಮ್ಮೆ ಓದೋಕೆ ಆ ಕಡೆ, ಒಮ್ಮೆ ಬರೆಯೋಕೆ ಈ ಕಡೆ ಓಡಬೇಕು. ಕಿವಿ ಇಟ್ಟರೆ ಕಟಕಟ ಓಡಾಟ ಕೇಳುತ್ತೆ. ಆದರೆ ಸುಮ್ನೆ ಇಟ್ಟಾಗಲೂ ಟಕ್ ಟಕ್ ಅಂತಿದ್ರೆ ಸ್ಪೀಡ್ ಮಾತು ಆಮೇಲೆ, ಮೊದಲು ಬ್ಯಾಕಪ್.

ಈಗಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹಲವು ಎಸ್‌ಎಂಆರ್ (ಶಿಂಗಲ್ಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್) ಜಾತಿಯವು. ಮಂಗಳೂರು ಹೆಂಚು ಹೊದಿಸಿದ ಹಾಗೆ ಡೇಟಾದ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಹತ್ತಿಕೊಂಡಿರುತ್ತೆ. ನಡುವಿನ ಹೆಂಚು ಬದಲಿಸೋಕೆ ಪಕ್ಕದವನ್ನೂ ಎತ್ತಬೇಕಲ್ವಾ, ಇಲ್ಲೂ ಹಾಗೇ. ಒಂದು ಕಡೆ ತಿದ್ದಿದರೆ ಸುತ್ತಲಿನದ್ದನ್ನೂ ಮತ್ತೆ ಬರೆಯಬೇಕು. ಎತ್ತಿಡೋಕೆ ಒಳ್ಳೆಯದು, ಎಡಿಟಿಂಗ್‌ಗೆ ಅಲ್ಲ.

ಎಸ್‌ಎಸ್‌ಡಿಯೂ ದೇವರಲ್ಲ. ಕಡಿಮೆ ಬೆಲೆಯವು ಮೊದಲು ಹಾರಿ, ಕ್ಯಾಶ್ (ಒಳಗಿನ ಚಿಕ್ಕ ವೇಗದ ಜಾಗ) ತುಂಬಿದ ಮೇಲೆ ಕುಂಟುತ್ತವೆ. ಡಬ್ಬಿ ಮೇಲಿನ ಸ್ಪೀಡ್ ಆ ಮೊದಲ ಹಾರಾಟದ್ದು.

ರ‍್ಯಾಮ್ ಮಾರದೆ ಹುಡುಗನನ್ನು ಕಳಿಸಿದೆ. ಈಗಿನ ಮದುವೆಯನ್ನು ಎಸ್‌ಎಸ್‌ಡಿಗೆ ಹಾಕ್ಕೋ, ಎಡಿಟ್ ಮುಗಿದ ಮೇಲೆ ಹಾರ್ಡ್‌ಡಿಸ್ಕ್‌ಗೆ ಎತ್ತಿಡು ಅಂದೆ. ಎರಡು ವಾರ ಬಿಟ್ಟು ಫೋನ್.

"ಅಣ್ಣಾ, ಮತ್ತೆ ಸ್ಲೋ!"

ವಿಂಡೋಸ್‌ನಲ್ಲಿ ಎಸ್‌ಎಸ್‌ಡಿಯ ಪಟ್ಟಿ ತುಂಬಿ ಕೆಂಪಗಾಗಿತ್ತು, 4 ಜಿಬಿ ಉಳಿದಿತ್ತು. ಐದು ಮದುವೆ, ಒಂದು ಗೃಹಪ್ರವೇಶ, ಎಲ್ಲ ಅಲ್ಲೇ ಕೂತಿದ್ದವು.