ನಿನ್ನ ಸೈನ್ಯ ನಡೆಯುವಾಗ ನನ್ನದು ಏನು ಮಾಡಬೇಕು?

ಹಾಸನದ ಹಳ್ಳಿಗಳಲ್ಲಿ ಜಗಲಿ ಮೇಲೆ ಗೆರೆ ಎಳೆದು ಹುಲಿ-ಕುರಿ ಆಡುವವರಿಗೆ ಸರದಿ ದೊಡ್ಡ ವಿಷಯವೇ ಅಲ್ಲ. ನೀನೊಂದು ಕಾಯಿ, ನಾನೊಂದು ಕಾಯಿ. ಚದುರಂಗದಲ್ಲೂ ಅಷ್ಟೇ. ಒಂದು ನಡೆಯಿಂದ ಪೆಟ್ಟು ಬಿದ್ದರೆ ಮರುನಡೆಯಲ್ಲೇ ಉತ್ತರ ಕೊಡಬಹುದು.

ತಕರಾರು ಶುರುವಾಗುವುದು ಒಬ್ಬೊಬ್ಬರ ಕೈಯಲ್ಲೂ ಹತ್ತಾರು ತುಕಡಿ ಇರುವ ಯುದ್ಧದ ಆಟಗಳಲ್ಲಿ. ಒಂದೊಂದೇ ತುಕಡಿ ನಡೆಸಿದರೆ ಸೈನ್ಯ ಹೊಳೆ ದಾಟುವುದರೊಳಗೆ ರಾತ್ರಿಯಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ನಡೆಸಿದರೆ ಎದುರಿನವರು ಅಷ್ಟು ಹೊತ್ತೂ ಹಳೇಬೀಡಿನ ಶಿಲ್ಪದ ಹಾಗೆ ನಿಂತಿರಬೇಕು.

ಮಜಾ ಏನೆಂದರೆ, ಇದಕ್ಕೆ ಒಳ್ಳೆಯ ಪರಿಹಾರ 1824ರಲ್ಲೇ ಸಿಕ್ಕಿತ್ತು. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ತನ್ನ ತಂದೆ ಕಟ್ಟಿದ ಆಟವನ್ನು ತಿದ್ದಿ ‘ಕ್ರೀಗ್‌ಶ್ಪೀಲ್’ ಪ್ರಕಟಿಸಿದ. ಒಂದು ಸರದಿ ಎಂದರೆ ಎರಡು ನಿಮಿಷದ ಯುದ್ಧ. ಎರಡೂ ಕಡೆಯವರು ಆಜ್ಞೆ ಬರೆದು ತೀರ್ಪುಗಾರನಿಗೆ ಕೊಡುತ್ತಿದ್ದರು. ಅವನು ಎರಡನ್ನೂ ಓದಿ, ನಕ್ಷೆಯ ಮೇಲೆ ಕಾಯಿ ಸರಿಸುತ್ತಿದ್ದ. ಯಾರೂ ಸುಮ್ನೆ ನಿಲ್ಲುವ ಹಾಗಿಲ್ಲ. ಆದರೆ ಯುದ್ಧ ಬಲ್ಲ, ಪಕ್ಷಪಾತ ಮಾಡದ ಮೂರನೆಯವನು ಬೇಕೇ ಬೇಕು.

ಅಂಗಡಿಯಲ್ಲಿ ಮಾರುವ ಆಟದ ಡಬ್ಬಿಯೊಳಗೆ ತೀರ್ಪುಗಾರನನ್ನು ಹಾಕಿ ಕೊಡೋಕಾಗಲ್ಲ, ಅಲ್ವಾ? 1954ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ‘ಟ್ಯಾಕ್ಟಿಕ್ಸ್’ ಹೊರತಂದಾಗ ದಾರಿ ಬದಲಾಯಿತು. ನನ್ನ ಸೈನ್ಯವೆಲ್ಲ ನಡೆದು, ಹೊಡೆದಾಡಿದ ಮೇಲೆ ನಿನ್ನ ಸರದಿ. ಕಲಿಯೋದು ಸುಲಭ, ಇಬ್ಬರೇ ಸಾಕು. ಆದರೆ ಮೊದಲು ನಡೆಯುವವನಿಗೆ ಲಾಭ ಜಾಸ್ತಿ. 1959ರಲ್ಲಿ ಮಾರಾಟಕ್ಕೆ ಬಂದ ‘ಡಿಪ್ಲೊಮಸಿ’ ಮತ್ತೆ ಬರೆದ ಆಜ್ಞೆಗೇ ಹೋಯಿತು. ಅಲ್ಲಿ ಲೆಕ್ಕ ಸರಳ, ಸಮಬಲವಾದರೆ ಇಬ್ಬರೂ ನಿಂತಲ್ಲೇ. ಹಾಗಾಗಿ ತೀರ್ಪುಗಾರ ಇಲ್ಲದೆಯೂ ನಡೆಯಿತು. ಟ್ಯಾಂಕು, ಗುಡ್ಡ, ಗುಂಡಿನ ದೂರ ಎಲ್ಲ ಸೇರಿದರೆ ಅಷ್ಟು ಸಲೀಸಲ್ಲ.

ಆಮೇಲೆ ಬಂದದ್ದೆಲ್ಲ ಒಂದು ಥರ ರಾಜಿ. 1977ರ ‘ಸ್ಕ್ವಾಡ್ ಲೀಡರ್’ನಲ್ಲಿ ಎದುರಾಳಿಯ ಸರದಿಯಲ್ಲೇ ಅವನ ಮೇಲೆ ಗುಂಡು ಹಾರಿಸಬಹುದು. ಕೆಲವು ಆಟಗಳಲ್ಲಿ ಚೀಲದಿಂದ ಬಿಲ್ಲೆ ಎತ್ತುತ್ತಾರೆ, ಯಾರ ಬಿಲ್ಲೆ ಬಂತೋ ಅವರ ಒಂದು ತುಕಡಿ ನಡೆಯುತ್ತದೆ. 1994ರ ಕಂಪ್ಯೂಟರ್ ಆಟ ‘ಎಕ್ಸ್-ಕಾಮ್’ನದು ಇನ್ನೂ ಚಂದದ ಉಪಾಯ. ಪ್ರತಿ ಸೈನಿಕನಿಗೂ ಇಷ್ಟು ಸಮಯ ಎಂದು ಲೆಕ್ಕ. ಎಲ್ಲವನ್ನೂ ಓಡಿ ಮುಗಿಸದೆ ಸ್ವಲ್ಪ ಉಳಿಸಿಕೊಂಡರೆ, ಶತ್ರು ಕಣ್ಣಿಗೆ ಬಿದ್ದಾಗ ಅವನ ಸರದಿಯಲ್ಲೇ ಹೊಡೆಯಬಹುದು. ಕಾಯುವುದಕ್ಕೂ ಬೆಲೆ ಬಂತು. ನನ್ನ ಪ್ರಕಾರ, ಸರದಿಯನ್ನು ಬಿಡದೆ ಮಾಡಿದ ರಿಪೇರಿಗಳಲ್ಲಿ ಇದೇ ಜಾಣತನದ್ದು.

ಅಷ್ಟರಲ್ಲಿ 1992ರ ಕಂಪ್ಯೂಟರ್ ಆಟ ‘ಡ್ಯೂನ್ 2’ ಸರದಿಯನ್ನೇ ತೆಗೆದುಹಾಕಿ, ಇಬ್ಬರನ್ನೂ ಒಟ್ಟಿಗೆ ಓಡಿಸುವ ಆಟಗಳಿಗೆ ದಾರಿ ಮಾಡಿತ್ತು. ಅಲ್ಲಿ ತಲೆಗಿಂತ ಬೆರಳು ಚುರುಕಿರುವವನದೇ ಮೇಲುಗೈ. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪದ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವಾಗ ಇಂಥ ಆಟವನ್ನು ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಆಡೋದು ಮರೆತುಬಿಡಿ.

2000ದಲ್ಲಿ ಬಂದ ‘ಕಾಂಬ್ಯಾಟ್ ಮಿಷನ್’ ರೈಸ್‌ವಿಟ್ಜ್‌ನ ತೀರ್ಪುಗಾರನನ್ನು ಕಂಪ್ಯೂಟರ್ ರೂಪದಲ್ಲಿ ವಾಪಸ್ ಕರೆತಂದಿತು. ಇಬ್ಬರೂ ಆಜ್ಞೆ ಕೊಟ್ಟ ಮೇಲೆ 60 ಸೆಕೆಂಡಿನ ಯುದ್ಧ ತಾನಾಗಿಯೇ ನಡೆಯುತ್ತದೆ, ನಡುವೆ ಕೈ ಹಾಕುವ ಹಾಗಿಲ್ಲ. ಸರದಿಯನ್ನು ಇಮೇಲ್‌ನಲ್ಲೂ ಕಳಿಸಬಹುದಿತ್ತು. ಎರಡು ದಿನ ಕರೆಂಟ್ ಇಲ್ಲದಿದ್ದರೂ ಆಟ ಕೆಡುವುದಿಲ್ಲ, ಎದುರಾಳಿ ಬೇಸತ್ತು ಬಿಟ್ಟುಹೋಗದಿದ್ದರೆ ಸಾಕು.